ಸೊಂಟ, ನಡು, ಪಿರ್ರೆ: ಮೂರೂ ಒಂದೇ ಅಲ್ಲ

ಮೊನ್ನೆ ವಾಟ್ಸಾಪಿನಲ್ಲಿ ಮತ್ತೆ ಅದೇ ಮಾತು: ‘ಅತ್ತೆಗೆ ಸೊಂಟ ಬದಲಾಯಿಸಿದರು.’ ಸೊಂಟ ಬದಲಾಯಿಸಲು ಬರುವುದಿಲ್ಲ. ಬದಲಾಗಿದ್ದು ಸೊಂಟದ ಕೀಲು. ಬೆನ್ನಿನ ಬುಡ ನೊಂದರೂ ಸೊಂಟ, ತೊಡೆಮೂಳೆ ಮುರಿದರೂ ಸೊಂಟ, ಪಿರ್ರೆಗೆ ಚುಚ್ಚಿದರೂ ‘ಸೊಂಟಕ್ಕೆ ಇಂಜೆಕ್ಷನ್’. ಪಿರ್ರೆ ಅನ್ನಲು ನಾಚಿಕೆ ಯಾಕೆ? ಒಳ್ಳೆಯ ಕನ್ನಡ ಪದ ಅದು.

ನಮ್ಮ ಕೊಡಗಿನ ಗಂಡಸರು ಕುಪ್ಯ ಅನ್ನುವ ಉದ್ದ ಕೋಟಿನ ಮೇಲೆ ಕೆಂಪು ಚೇಲೆ (ಬಟ್ಟೆಯ ಪಟ್ಟಿ) ಬಿಗಿದು ಪೀಚೆಕತ್ತಿ ಅನ್ನುವ ಕಿರುಗತ್ತಿ ಸಿಕ್ಕಿಸುತ್ತಾರಲ್ಲ, ಆ ಜಾಗ ನಡು. ನಡುಮನೆ, ನಡುರಾತ್ರಿಯ ನಡುವೇ ಅದು. ಕೀಲು ಅಲ್ಲಿಲ್ಲ. ಇನ್ನೂ ಕೆಳಗೆ, ಪಕ್ಕದಲ್ಲಿ ಒತ್ತಿದರೆ ಗಟ್ಟಿಯಾಗಿ ಒಂದು ಉಬ್ಬು ಸಿಗುತ್ತದೆ, ಅಲ್ವಾ? ಅದೂ ಕೀಲಲ್ಲ, ತೊಡೆಮೂಳೆಯ ಹೊರ ಉಬ್ಬು. ಕೀಲು ಇರುವುದು ಒಳಗೆ, ತೊಡೆಸಂದಿನ ಆಳದಲ್ಲಿ. ಕೀಲು ಸವೆದವರಲ್ಲಿ ಹೆಚ್ಚಿನವರಿಗೆ ನೋವು ಕಾಣುವುದೂ ತೊಡೆಸಂದಿನಲ್ಲೇ.

ತೊಡೆಮೂಳೆಯ ದುಂಡು ತಲೆ ಒಂದು ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಆ ಬಟ್ಟಲಿಗೆ ವೈದ್ಯರು ಇಟ್ಟ ಹೆಸರು ಅಸೆಟಾಬುಲಮ್. ಲ್ಯಾಟಿನ್ನಿನಲ್ಲಿ ಅಸೆಟಮ್ ಅಂದರೆ ವಿನೆಗರ್. ರೋಮನ್ನರು ಊಟಕ್ಕೆ ಕೂತಾಗ ವಿನೆಗರ್ ಇಡುತ್ತಿದ್ದ ಪುಟ್ಟ ಬಟ್ಟಲೇ ಅಸೆಟಾಬುಲಮ್. ಪಂದಿ ಕರಿಗೆ (ಹಂದಿ ಸಾರಿಗೆ) ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿರಸ ಬಿಡುವ ನಮಗೆ ಈ ಹೆಸರು ಪರಕೀಯ ಅನ್ನಿಸಬಾರದು. ನಮ್ಮಲ್ಲಿ ಯಾರಾದರೂ ಹೆಸರಿಟ್ಟಿದ್ದರೆ ‘ಕಾಚಂಪುಳಿ ಬಟ್ಟಲು’ ಅಂತಲೇ ಇಡುತ್ತಿದ್ದರೇನೋ. ಹುಟ್ಟುವಾಗ ಈ ಬಟ್ಟಲು ಒಂದೇ ಮೂಳೆಯದ್ದಲ್ಲ. ಮೂರು ಮೂಳೆಗಳು ಇಲ್ಲಿ ಸೇರುತ್ತವೆ, ಹದಿಹರೆಯದಲ್ಲಿ ಬೆಸೆದು ಒಂದಾಗುತ್ತವೆ. ಅಂಚಿನ ಸುತ್ತ ಮೆದುಮೂಳೆಯ ಬಳೆ ಇದೆ. ಅದು ಬಟ್ಟಲನ್ನು ಇನ್ನಷ್ಟು ಆಳ ಮಾಡುತ್ತದೆ.

ಇನ್ನು ಪಿರ್ರೆ. ಅದು ಸುಮ್ನೆ ಕೊಬ್ಬಿನ ಮುದ್ದೆಯಲ್ಲ. ಅಲ್ಲಿ ಒಂದರ ಕೆಳಗೊಂದು ಮೂರು ಸ್ನಾಯುಗಳಿವೆ: ಮ್ಯಾಕ್ಸಿಮಸ್, ಮೀಡಿಯಸ್, ಮಿನಿಮಸ್. ಏರು ಹತ್ತುವಾಗ, ಕೂತಲ್ಲಿಂದ ಏಳುವಾಗ ದುಡಿಯುವುದು ದೊಡ್ಡದು. ಕಾಫಿ ತೋಟದ ಇಳಿಜಾರಿನಲ್ಲಿ ಒಂದು ಕಾಲೆತ್ತಿ ಮುಂದಿಡುವಾಗ ಆ ಕಡೆಗೆ ಸೊಂಟ ಕುಸಿಯದಂತೆ ಹಿಡಿಯುವುದು ಊರಿದ ಕಾಲಿನ ಬದಿಯ ಉಳಿದೆರಡು. ಇಂಜೆಕ್ಷನ್ನನ್ನು ಪಿರ್ರೆಯ ಮೇಲಿನ ಹೊರ ಮೂಲೆಗೇ ಕೊಡಬೇಕು. ಕೆಳಗೆ, ಒಳಬದಿಯಲ್ಲಿ ಕಾಲಿಗೆ ಹೋಗುವ ಸಯಾಟಿಕ್ ನರ ಇದೆ.

ಹೆಸರು ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದೆ. ಮಳೆಗಾಲದಲ್ಲಿ ಚಿಕ್ಕಮ್ಮ ಕಾಫಿ ಕಣದ ಪಾಚಿಯ ಮೇಲೆ ಜಾರಿದರು. ಎಲ್ಲರೂ ‘ಸೊಂಟಕ್ಕೆ ಪೆಟ್ಟು’ ಅಂದೆವು. ಮೊದಲ ಎಕ್ಸ್‌ರೇ ಬೆನ್ನಿಗೆ ತೆಗೆದರು. ಅದರಲ್ಲಿ ಏನೂ ಕಾಣಲಿಲ್ಲ. ಅವರ ಬಲಗಾಲು ಗಿಡ್ಡವಾಗಿತ್ತು, ಪಾದ ಹೊರಕ್ಕೆ ತಿರುಗಿ ಮಲಗಿತ್ತು. ತೊಡೆಮೂಳೆಯ ಕುತ್ತಿಗೆ ಮುರಿದಾಗ ಹೆಚ್ಚಾಗಿ ಕಾಣುವ ಗುರುತು ಅದು. ‘ತೊಡೆಸಂದು ನೋವು’ ಅಂತ ಚಿಕ್ಕಮ್ಮ ಕಣದಲ್ಲೇ ಎರಡು ಸಲ ಹೇಳಿದ್ದರು. ಅದನ್ನು ಸೊಂಟ ಮಾಡಿದ್ದು ನಾವು.