ಪ್ರೀಚೆಕ್‌ಗೆ ಕಾನೂನು ಬಂದಿದೆಯಂತಲ್ಲ, ಎಚ್-1ಬಿಯವರಿಗೂ ಸಿಗುತ್ತದಾ?

ಪ್ರಶ್ನೆ: ಟಿಎಸ್‌ಎ ಪ್ರೀಚೆಕ್ (ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಸದಸ್ಯರಿಗೆಂದು ಇಟ್ಟಿರುವ, ಬೇಗ ಮುಗಿಯುವ ತಪಾಸಣೆಯ ಸಾಲು) ನೋಂದಣಿಯನ್ನು ವಿಸ್ತರಿಸಲು ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿದೆಯಂತೆ. ನಾನು ಎಚ್-1ಬಿ ಕೆಲಸದ ವೀಸಾ ಮೇಲೆ ಡಲ್ಲಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಯಾವಾಗ ಬರುತ್ತದೋ ದೇವರೇ ಬಲ್ಲ. ಈಗ ನನಗೂ ಸಿಗುತ್ತದಾ? ಬೇಸಿಗೆಗೆ ಬರುವ ಅಪ್ಪ-ಅಮ್ಮನಿಗೂ ಮಾಡಿಸಬಹುದಾ?

ಉತ್ತರ: ನೇರವಾಗಿ ಸಿಗುವುದಿಲ್ಲ. ಬಳಸುದಾರಿ ಒಂದಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ‘ಕಾನೂನು ಬಂದಿದೆ’ ಅನ್ನುವ ಮಾತನ್ನು ಮುಗಿಸಿಬಿಡೋಣ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಯಾರೋ ಹಳೆಯ ಸುದ್ದಿಯೊಂದನ್ನು ಹೊಸದೆಂಬಂತೆ ಕಳಿಸುತ್ತಾರೆ, ಮರುದಿನ ನನಗೆ ಇದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ಸಾಕಾಗಿದೆ.

ಕಾನೂನು ಬಂದಿರುವುದು ನಿಜ. 2001ರ ನವೆಂಬರ್‌ನಲ್ಲಿ ಟಿಎಸ್‌ಎಯನ್ನು ಹುಟ್ಟುಹಾಕಿದ ಕಾಯಿದೆಯಲ್ಲೇ ನಂಬಿಕಸ್ಥ ಪ್ರಯಾಣಿಕರ ತಪಾಸಣೆ ಬೇಗ ಮುಗಿಸುವ ಏರ್ಪಾಡಿಗೆ ಅವಕಾಶ ಇತ್ತು. ಪ್ರೀಚೆಕ್ ಶುರುವಾದದ್ದು ಮಾತ್ರ 2011ರ ಅಕ್ಟೋಬರ್‌ನಲ್ಲಿ, ಅದೂ ಅಟ್ಲಾಂಟಾ, ಡೆಟ್ರಾಯಿಟ್, ಡಲ್ಲಾಸ್, ಮಯಾಮಿ ಎಂಬ ನಾಲ್ಕೇ ನಿಲ್ದಾಣಗಳಲ್ಲಿ. ದುಡ್ಡು ಕಟ್ಟಿ, ಬೆರಳಚ್ಚು ಕೊಟ್ಟು ಯಾರು ಬೇಕಾದರೂ ಅರ್ಜಿ ಹಾಕುವಂತಾದದ್ದು 2013ರ ಡಿಸೆಂಬರ್‌ನಲ್ಲಿ. ತಾಳಿ, ‘ಯಾರು ಬೇಕಾದರೂ’ ಅಂದರೆ ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು. ಈ ಗೆರೆ ಅವತ್ತು ಎಲ್ಲಿತ್ತೋ ಇವತ್ತೂ ಅಲ್ಲೇ ಇದೆ.

2016ರ ಬೇಸಿಗೆಯಲ್ಲಿ ಷಿಕಾಗೋ ಮುಂತಾದ ಕಡೆ ತಪಾಸಣೆಯ ಸಾಲು ಎಷ್ಟು ಉದ್ದವಾಯಿತೆಂದರೆ ಜನ ಸಾಲಿನಲ್ಲಿ ನಿಂತೇ ವಿಮಾನ ತಪ್ಪಿಸಿಕೊಂಡರು. ಕಾಂಗ್ರೆಸ್ಸಿಗೆ ಬಿಸಿ ತಟ್ಟಿತು. ಆ ಜುಲೈನಲ್ಲಿ ಬಂದ ವಿಮಾನಯಾನ ಕಾಯಿದೆಯಲ್ಲಿ ಪ್ರೀಚೆಕ್ ವಿಸ್ತರಣೆಯ ಭಾಗವೊಂದು ಸೇರಿತು. 2018ರ ಅಕ್ಟೋಬರ್ 5ರಂದು ಸಹಿಯಾದ ಟಿಎಸ್‌ಎ ಆಧುನೀಕರಣ ಕಾಯಿದೆ ಅದನ್ನೇ ಇನ್ನಷ್ಟು ಬಿಗಿಮಾಡಿತು. ಅಲ್ಲಿಯವರೆಗೆ ನೋಂದಣಿ ಮಾಡುತ್ತಿದ್ದದ್ದು ಒಂದೇ ಕಂಪನಿ, ಈಗಿನ ಹೆಸರು ಐಡೆಮಿಯಾ. ಕನಿಷ್ಠ ಎರಡು ಖಾಸಗಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಿ, ನೋಂದಣಿಯನ್ನು ಜನರ ಹತ್ತಿರಕ್ಕೆ ಒಯ್ಯಿರಿ ಎಂದು ಕಾಯಿದೆ ಹೇಳಿತು. ಅದರಿಂದಲೇ ಟೆಲೋಸ್, ಕ್ಲಿಯರ್ ಬಂದದ್ದು. 2024ರ ಆಗಸ್ಟ್ ಹೊತ್ತಿಗೆ ಪ್ರೀಚೆಕ್ ಸದಸ್ಯರು 2 ಕೋಟಿ ದಾಟಿದ್ದರು.

ಈಗ ಹೇಳಿ, ಇದರಲ್ಲಿ ವೀಸಾ ಮೇಲಿರುವವರ ಮಾತು ಎಲ್ಲಿ ಬಂತು? ಊರಿಗೆ ಇನ್ನೆರಡು ನ್ಯಾಯಬೆಲೆ ಅಂಗಡಿ ಬಂದರೆ ಅಕ್ಕಿಗೆ ನಡೆಯುವ ದೂರ ಕಡಿಮೆಯಾಗುತ್ತದೆ, ಬಿಪಿಎಲ್ ಕಾರ್ಡ್ ಇಲ್ಲದವರ ಕೈಗೆ ಕಾರ್ಡ್ ಬರುವುದಿಲ್ಲ. ಎಚ್-1ಬಿ, ಎಲ್-1 (ಕಂಪನಿಯೊಳಗಿನ ವರ್ಗಾವಣೆ), ಎಫ್-1 (ವಿದ್ಯಾರ್ಥಿ), ಬಿ-2 (ಪ್ರವಾಸಿ) ವೀಸಾ ಯಾವುದನ್ನೂ ಆ ಕಾಯಿದೆ ಅರ್ಹರ ಪಟ್ಟಿಗೆ ಸೇರಿಸಲಿಲ್ಲ.

‘ನಮ್ಮ ಭಾವ ಅರ್ಜಿಯನ್ನೇ ಹಾಕಿರಲಿಲ್ಲ, ಎಚ್-1ಬಿ ಬೇರೆ, ಆದರೂ ಪ್ರೀಚೆಕ್ ಸಾಲಿಗೆ ಬಿಟ್ಟಿದ್ದರಲ್ಲ’ ಎಂದು ಇನ್ನು ಕೆಲವರು ವಾದಿಸುತ್ತಾರೆ. ಬಿಟ್ಟಿರಬಹುದು. ಮೊದಲ ವರ್ಷಗಳಲ್ಲಿ ಆ ಸಾಲುಗಳು ಖಾಲಿ ಹೊಡೆಯುತ್ತಿದ್ದವು, ಸದಸ್ಯರಲ್ಲದವರನ್ನೂ ಟಿಎಸ್‌ಎಯೇ ಅಲ್ಲಿಗೆ ಕಳಿಸುತ್ತಿತ್ತು. ಅದು ಭಾವನ ಅದೃಷ್ಟ, ಹಕ್ಕಲ್ಲ. ತಮಾಷೆಯೆಂದರೆ, ನೀವು ‘ಎಲ್ಲರಿಗೂ ಬಾಗಿಲು ತೆರೆಯಿತು’ ಎಂದುಕೊಂಡಿರುವ 2018ರ ಕಾಯಿದೆಯೇ ಈ ಉದಾರತೆಗೆ ಕಡಿವಾಣ ಹಾಕಿದ್ದು: ನಂಬಿಕಸ್ಥ ಪ್ರಯಾಣಿಕರ ಯೋಜನೆಗಳ ಸದಸ್ಯರನ್ನು ಮಾತ್ರ ಪ್ರೀಚೆಕ್ ಸಾಲಿಗೆ ಬಿಡಬೇಕು ಎಂದು. ನೋಂದಣಿ ಸುಲಭವಾಯಿತು, ಸಾಲು ಬಿಗಿಯಾಯಿತು. ಫಾರ್ವರ್ಡ್ ಮಾಡುವವರು ಮೊದಲರ್ಧ ಓದಿ ನಿಲ್ಲಿಸಿದ್ದಾರೆ, ಅಷ್ಟೆ.

ಇನ್ನು ಬಳಸುದಾರಿ. ಅದರ ಹೆಸರು ಗ್ಲೋಬಲ್ ಎಂಟ್ರಿ. ಇದು ಟಿಎಸ್‌ಎಯದ್ದಲ್ಲ, ಅಮೆರಿಕದ ಗಡಿ ಮತ್ತು ಸುಂಕ ಇಲಾಖೆಯಾದ ಸಿಬಿಪಿಯದ್ದು. ಮೂಲ ಉದ್ದೇಶ ವಿದೇಶದಿಂದ ಬಂದಿಳಿದಾಗ ಇಮಿಗ್ರೇಷನ್ ಬೇಗ ಮುಗಿಸುವುದು, ಜೊತೆಗೆ ಪ್ರೀಚೆಕ್ ಸೌಲಭ್ಯವೂ ಬರುತ್ತದೆ. 2017ರಿಂದ ಭಾರತೀಯ ಪ್ರಜೆಗಳೂ ಅರ್ಜಿ ಹಾಕಬಹುದು. ಐದು ವರ್ಷಕ್ಕೆ 120 ಡಾಲರ್. ಅರ್ಜಿ ತಿರಸ್ಕೃತವಾದರೆ ದುಡ್ಡು ವಾಪಸ್ ಬರುವುದಿಲ್ಲ. ಅಮೆರಿಕದ ಅರ್ಜಿ ಒಂದೇ ಸಾಲದು, ನಮ್ಮ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೂ ಹಿನ್ನೆಲೆ ಪರಿಶೀಲನೆಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಇದನ್ನು ಬಿಟ್ಟವರೇ ‘ನನ್ನದು ಯಾಕೆ ಮುಂದೆ ಹೋಗುತ್ತಿಲ್ಲ’ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಎರಡೂ ಮುಗಿದು ಷರತ್ತಿನ ಒಪ್ಪಿಗೆ ಬಂದ ಮೇಲೆ ಸಂದರ್ಶನ. ಅದನ್ನು ಊರಿಂದ ವಾಪಸ್ ಬಂದಿಳಿದಾಗ, ಆ ಸೌಲಭ್ಯ ಇರುವ ವಿಮಾನ ನಿಲ್ದಾಣದಲ್ಲೇ ಮುಗಿಸಿಕೊಳ್ಳಬಹುದು.

ಅಪ್ಪ-ಅಮ್ಮನಿಗೆ? ನಿಯಮದ ಪ್ರಕಾರ ಅವರೂ ಇದೇ ದಾರಿಯಲ್ಲಿ ಹೋಗಬಹುದು. ವರ್ಷಕ್ಕೊಮ್ಮೆ ಬಂದು ಹೋಗುವವರಾದರೆ ಯೋಚಿಸಿ, ಒಂದೇ ಪ್ರವಾಸಕ್ಕಾದರೆ ಬೇಡ. ಸಾಮಾನ್ಯ ಸಾಲಿನಲ್ಲೂ ಶೂ ಬಿಚ್ಚುವ ಕಾಟ 2025ರ ಜುಲೈನಿಂದ ಹೋಗಿದೆ, 75 ದಾಟಿದವರು ತೆಳ್ಳನೆಯ ಜಾಕೆಟ್ಟನ್ನೂ ತೆಗೆಯಬೇಕಿಲ್ಲ. ಮಂಡಿನೋವು ಇದ್ದರೆ ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ. ಮತ್ತೆ, ಪ್ರೀಚೆಕ್ ಇದ್ದರೂ ಕೈಚೀಲದಲ್ಲಿ ತುಪ್ಪದ ಡಬ್ಬಿ, ಮಾವಿನಮಿಡಿ ಉಪ್ಪಿನಕಾಯಿ ಹೋಗುವುದಿಲ್ಲ. 100 ಮಿಲಿಲೀಟರ್ ಮಿತಿ ಅವರಿಗೂ ಉಂಟು. ಲ್ಯಾಪ್‌ಟಾಪನ್ನೂ ಆ ಚಿಕ್ಕ ಬಾಟಲಿಗಳನ್ನೂ ಚೀಲದಿಂದ ಹೊರತೆಗೆಯಬೇಕಿಲ್ಲ, ಬೆಲ್ಟ್ ಬಿಚ್ಚಬೇಕಿಲ್ಲ, ಲಾಭ ಅಷ್ಟೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇಷ್ಟೆಲ್ಲ ಮಾಡಿಸಿದ ನಮ್ಮವರೇ ಕೊನೆಗೆ ಎಡವುವುದು ಹೆಸರಿನಲ್ಲಿ. ಸದಸ್ಯತ್ವ ಸಿಕ್ಕರೆ ಒಂಬತ್ತು ಅಂಕಿಯ ಸಂಖ್ಯೆ ಕೊಡುತ್ತಾರೆ. ಟಿಕೆಟ್ ಮಾಡುವಾಗ ಅದನ್ನು ‘ನೋನ್ ಟ್ರಾವೆಲರ್ ನಂಬರ್’ ಎಂಬ ಜಾಗದಲ್ಲಿ ತುಂಬಬೇಕು. ಅದರ ಜೊತೆ ಹೆಸರು, ಹುಟ್ಟಿದ ದಿನ ಎರಡೂ ಸದಸ್ಯತ್ವದಲ್ಲಿ ಇರುವಂತೆಯೇ ಹೊಂದಬೇಕು. ನಮ್ಮ ಕಡೆ ಇನಿಷಿಯಲ್ ಸಂಪ್ರದಾಯ: ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಕೊನೆಗೆ ಸ್ವಂತ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಆ ಪೂರ್ತಿ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ವಿಮಾನ ಸಂಸ್ಥೆಯ ವೆಬ್‌ಸೈಟು ಎರಡೂ ಜಾಗ ತುಂಬಲೇಬೇಕೆಂದು ಹಟ ಹಿಡಿಯುತ್ತದೆ, ಅಲ್ಲಿ ಒಬ್ಬೊಬ್ಬರು ಒಂದೊಂದು ತುಂಬುತ್ತಾರೆ. ಬೋರ್ಡಿಂಗ್ ಪಾಸ್ ಮೇಲೆ ಪ್ರೀಚೆಕ್ ಗುರುತು ಬರುವುದಿಲ್ಲ, 120 ಡಾಲರ್ ಕಟ್ಟಿದವರು ಎಲ್ಲರ ಜೊತೆ ಉದ್ದನೆಯ ಸಾಲಿನಲ್ಲಿ.

ಆ ಗುರುತು ಇಲ್ಲದೆ ತಪಾಸಣೆಯ ಸಿಬ್ಬಂದಿಯ ಹತ್ತಿರ ‘ನಾನು ಸದಸ್ಯ’ ಎಂದು ವಾದಿಸಿದರೆ ಉಪಯೋಗವಿಲ್ಲ, ಬಿಡುವುದಿಲ್ಲ. ಗ್ಲೋಬಲ್ ಎಂಟ್ರಿ ಖಾತೆ ತೆರೆದಿಟ್ಟುಕೊಂಡು, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ಟಿಕೆಟ್ ಮಾಡಿ. ಟಿಕೆಟ್ ಆಗಲೇ ಆಗಿಹೋಗಿದ್ದರೆ ವಿಮಾನ ಸಂಸ್ಥೆಗೆ ಫೋನ್ ಮಾಡಿ ಸಂಖ್ಯೆ ಸೇರಿಸಿ, ಹೆಸರು ಸರಿಮಾಡಿಸಿ, ಬೋರ್ಡಿಂಗ್ ಪಾಸನ್ನು ಹೊಸದಾಗಿ ತೆಗೆಸಿಕೊಳ್ಳಿ. ಪಾಸ್‌ಪೋರ್ಟ್ ನವೀಕರಿಸುವಾಗ ಹೆಸರು ಬದಲಾದರೆ ಗ್ಲೋಬಲ್ ಎಂಟ್ರಿ ಖಾತೆಯಲ್ಲೂ ಬದಲಾಯಿಸಬೇಕು. ಅದು ತಾನಾಗಿ ಆಗುವುದಿಲ್ಲ.