ಅರಗಿನ ತಟ್ಟೆಯ ಮೂರು ನಿಮಿಷ

ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಗೆಳೆಯನೊಬ್ಬ ಚೌಕಾಸಿ ಮಾಡಿ ತಂದ ಹಳೆಯ ಗ್ರಾಮಫೋನ್ ಪ್ಲೇಟನ್ನು ಮೊನ್ನೆ ಭೂತಗನ್ನಡಿ ಹಿಡಿದು ನೋಡಿದೆ. ಅಂಚು ಮುಕ್ಕಾಗಿದೆ, ಲೇಬಲ್ಲಿನ ಅಕ್ಷರ ಮಾಸಿದೆ. ಬರಿಗಣ್ಣಿಗೆ ನುಣ್ಣಗೆ ಕಾಣುವ ಕಪ್ಪು ಮೈ ಗಾಜಿನಡಿ ಉತ್ತ ಹೊಲ. ಕೆಲವು ಕಡೆ ಸಾಲು ನೆಟ್ಟಗಿದೆ, ಕೆಲವು ಕಡೆ ಎತ್ತು ಬೆದರಿದಂತೆ ಅಂಕುಡೊಂಕು. ಆ ಅಂಕುಡೊಂಕೇ ಹಾಡು. ನೆಟ್ಟಗಿರುವಲ್ಲಿ ಹಾಡುವವಳು ಉಸಿರೆಳೆದುಕೊಂಡಿದ್ದಾಳೆ.

ಪ್ಲೇಟು ಹಾಕಿದೆವು. ಸಾಸಿವೆ ಸಿಡಿದಂತೆ ಚಟಪಟ, ಅದರೊಳಗಿಂದ ಎಳೆಯಾದ, ಚೂಪಾದ ಹೆಣ್ಣುದನಿ. ಹಾಡು ಮುಗಿದ ಮರುಗಳಿಗೆ ಅದೇ ದನಿ ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಕೂಗಿತು: 'ಮೈ ನೇಮ್ ಈಸ್ ಗೌಹರ್ ಜಾನ್!'

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಲಂಡನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಬಂದು ಮೇಣದ ತಟ್ಟೆಗಳ ಮೇಲೆ ಹೆಸರಾಂತ ಗಾಯಕಿ ಗೌಹರ್ ಜಾನರ ಹಾಡು ಕೊರೆಸಿಕೊಂಡ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವನು ಮಿಲಾನಿನಲ್ಲಿ ಎನ್ರಿಕೊ ಕರೂಸೊ ಎಂಬ ಒಪೆರಾ ಗಾಯಕನ ಹತ್ತು ಹಾಡು ಹಿಡಿದಿದ್ದ. ಕಲ್ಕತ್ತೆಯ ತಟ್ಟೆಗಳು ಅಚ್ಚಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಲ್ಲ, ಅದಕ್ಕೇ ಆ ಕೂಗು. ನಮ್ಮ ದೇಶದಲ್ಲಿ ತಟ್ಟೆಯ ಮೇಲೆ ಸಂಗೀತದ ಮುದ್ರಣ ಶುರುವಾದದ್ದೇ ಹೀಗೆ, ಕಾರ್ಖಾನೆಯ ಗುಮಾಸ್ತನಿಗೆ ಹೆಸರು ಹೇಳಿಕೊಂಡು.

ಸಾಲುಗಳು ಎಂದೆ. ನಿಜಕ್ಕೂ ಇರುವುದು ಒಂದೇ ಸಾಲು, ಚಕ್ಕುಲಿಯಂತೆ ಹೊರಗಿನಿಂದ ಒಳಕ್ಕೆ ಸುತ್ತಿಕೊಂಡದ್ದು. ಹತ್ತು ಅಂಗುಲದ ತಟ್ಟೆಯಲ್ಲಿ ಲೇಬಲ್ಲಿನ ಜಾಗ, ಅಂಚಿನ ಜಾಗ ಬಿಟ್ಟರೆ ಕೊರೆಯಲು ಸಿಗುವ ಅಗಲ ಎರಡೂ ಮುಕ್ಕಾಲು ಅಂಗುಲ. ಒಂದು ಅಂಗುಲದಲ್ಲಿ ನೂರರ ಆಸುಪಾಸು ಸುತ್ತು ಹಿಡಿಸುತ್ತದೆ. ಅದಕ್ಕಿಂತ ಒತ್ತಾದರೆ ದಪ್ಪ ಉಕ್ಕಿನ ಸೂಜಿ ಪಕ್ಕದ ಸುತ್ತಿಗೆ ಹಾರುತ್ತದೆ. ಒಟ್ಟು 250 ಸುತ್ತು ಎಂದಿಟ್ಟುಕೊಳ್ಳಿ. ತಟ್ಟೆ ನಿಮಿಷಕ್ಕೆ 78 ಸಲ ತಿರುಗುತ್ತದೆ. ಭಾಗಿಸಿದರೆ ಮೂರು ನಿಮಿಷ, ಮೇಲೊಂದಿಷ್ಟು ಸೆಕೆಂಡು. ಸಿನಿಮಾ ಹಾಡು, ಪಾಪ್ ಹಾಡು, ರಂಗಗೀತೆ ಎಲ್ಲವೂ ಮೂರು ನಿಮಿಷದ ಸುತ್ತಮುತ್ತ ಗಿರಕಿ ಹೊಡೆಯಲು ಕಲಿತದ್ದು ಈ ಭಾಗಾಕಾರದಿಂದ. ಕೇಳುಗರಿಗೆ ತಾಳ್ಮೆ ಅಷ್ಟೇ ಇತ್ತು ಎಂಬುದು ಆಮೇಲೆ ಕಟ್ಟಿದ ಕಥೆ.

ತಟ್ಟೆ ಪ್ಲಾಸ್ಟಿಕ್ಕಿನದಲ್ಲ. ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿಕೊಂಡು ಬದುಕುವ ಕೀಟ ಸ್ರವಿಸುವ ಅರಗು, ಅದಕ್ಕೆ ಬೆರೆಸಿದ ಕಲ್ಲಿನ ಪುಡಿ, ಮಸಿ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ, ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯೂ ಅರಗಿನದೇ. ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಆ ಸರಬರಾಜು ಕುಂಟಿದಾಗ ಅಮೆರಿಕದಲ್ಲಿ ತಟ್ಟೆಗಳಿಗೇ ಬರ ಬಂತು.

ಗೈಸ್‌ಬರ್ಗ್ ತಂದ ಯಂತ್ರದಲ್ಲಿ ವಿದ್ಯುತ್ತಿನ ಹೆಸರಿಲ್ಲ. ದೊಡ್ಡ ತುತ್ತೂರಿ, ಅದರ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ, ಪೊರೆಗೆ ಅಂಟಿದ ಸೂಜಿ, ಕೆಳಗೆ ತಿರುಗುವ ಮೇಣ. ಸೂಜಿಯನ್ನು ಅಲ್ಲಾಡಿಸುವ ಶಕ್ತಿ ಪೂರ್ತಿ ಹಾಡುವವರ ಗಂಟಲಿನಿಂದಲೇ ಬರಬೇಕು. ಗಾಯಕಿ ತುತ್ತೂರಿಯೊಳಕ್ಕೆ ಮುಖ ತೂರಿಸಿಕೊಂಡು ಹಾಡಬೇಕು, ತಲೆ ಆಡಿಸುವಂತಿಲ್ಲ, ಕೈ ಎತ್ತುವಂತಿಲ್ಲ. ತಪ್ಪಿದರೆ ಮೇಣ ಹೆರೆದು ಮೊದಲಿನಿಂದ.

ತುತ್ತೂರಿಗೆ ತನ್ನದೇ ರುಚಿಯಿತ್ತು. ಸುಮಾರು 200ರಿಂದ 2,500 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಒಳಗಿನ ದನಿ ಅದಕ್ಕೆ ದಕ್ಕುತ್ತಿತ್ತು, ಉಳಿದದ್ದು ಸೋರಿಹೋಗುತ್ತಿತ್ತು. ಗೌಹರ್ ಜಾನರ ಏರುದನಿ, ಕರೂಸೊನ ಕಂಚಿನ ಕಂಠ ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ತಂಬೂರಿಯ ಜೀವವಿರುವುದು ಜೀರುಗುಡುವ ಮೇಲಿನ ಸ್ವರಾಂಶಗಳಲ್ಲಿ. ಅವು ಹೋದವು. ತಬಲಾದ ಎಡಗೈ ಗುಮುಕು ಹೋಯಿತು. ಪಿಟೀಲಿನ ಸಣ್ಣ ದನಿ ಸಾಲದೆಂದು ಲಂಡನ್ನಿನಲ್ಲಿ ಸ್ಟ್ರೋ ಎಂಬವನು ಮರದ ಬುರುಡೆಯ ಬದಲು ತಗಡಿನ ತುತ್ತೂರಿಯಿದ್ದ ಪಿಟೀಲನ್ನೇ ಮಾಡಿದ. 1917ರಲ್ಲಿ ಜಾಝ್ ಸಂಗೀತದ ಮೊದಲ ತಟ್ಟೆ ಹೊರಬಂದ ಕಾಲದಲ್ಲೂ ಅದೇ ಪಾಡು: ದೊಡ್ಡ ಡ್ರಮ್ಮಿನ ಏಟಿಗೆ ಸೂಜಿ ಸಾಲು ಬಿಟ್ಟು ನೆಗೆಯುತ್ತಿತ್ತು, ಹಾಗಾಗಿ ಮರದ ತುಂಡು, ದನದ ಗಂಟೆಯಂಥವುಗಳಲ್ಲೇ ತಾಳ ಸಾಗಬೇಕಿತ್ತು. ಬರೀ ಹಳೆಯ ತಟ್ಟೆ ಕೇಳಿ ಜಾಝ್‌ನ ಚರಿತ್ರೆ ಬರೆದರೆ ಆ ಕಾಲದಲ್ಲಿ ಡ್ರಮ್ಮೇ ಇರಲಿಲ್ಲ ಎನ್ನಬೇಕಾಗುತ್ತದೆ.

ಇಲ್ಲಿ ನಮ್ಮ ಕಿವಿಯದೂ ಒಂದು ಜಾದೂ ಇದೆ. ಗಂಡಸಿನ ದನಿಯ ಮೂಲ ಕಂಪನ 120 ಹರ್ಟ್ಸ್ ಇದ್ದರೆ ತಟ್ಟೆಯ ಮೇಲೆ ಅದು ಇಲ್ಲವೇ ಇಲ್ಲ. ಆದರೂ ಕೇಳುವಾಗ ಗಂಡುದನಿಯೇ ಕೇಳುತ್ತದೆ. 240, 360, 480 ಎಂಬ ಮೇಲಿನ ಮೆಟ್ಟಿಲುಗಳು ಸಿಕ್ಕರೆ ಸಾಕು, ಇವುಗಳ ಬುಡದಲ್ಲಿ 120 ಇರಲೇಬೇಕೆಂದು ಮಿದುಳು ಲೆಕ್ಕ ಹಾಕಿ ತಾನೇ ತುಂಬಿಕೊಳ್ಳುತ್ತದೆ. ಬೆರಳುಗುರಿನಷ್ಟಿರುವ ಮೊಬೈಲ್ ಸ್ಪೀಕರಿನಲ್ಲಿ ಮಂದ್ರ ಕೇಳಿಸುವುದೂ ಇದೇ ಲೆಕ್ಕದಿಂದ.

ಹಿಂದೂಸ್ತಾನಿ ಸಂಗೀತದಲ್ಲಿ ಒಂದು ಗಂಟೆ ಹಾಡುವ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಸಂಗೀತವನ್ನು ಕೊಂದಂತೆ ಎಂದು ಗೊಣಗುವವರಿದ್ದಾರೆ. ನಾನು ಆ ಪಂಗಡದವನಲ್ಲ. ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿದವರಿಗೆ ಗೊತ್ತು, ಅಲ್ಲಿ ಸಂಕ್ಷೇಪವೇ ಒಂದು ಕಲೆ. ಅಂಗಡಿಯಲ್ಲಿ ಕೇಳಿದ ಅವರ ಠುಮ್ರಿ ತಟ್ಟೆಯೊಂದು ಗದಗಿನ ಹುಡುಗ ಭೀಮಸೇನ ಜೋಶಿಯ ತಲೆ ಕೆಡಿಸಿತು, ಗುರುವನ್ನು ಹುಡುಕಿಕೊಂಡು ಅವನು ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಬಂದು ನಿಂತ. ಅವರು ಆ ಖಾನರದೇ ಶಿಷ್ಯರು.

1925ರಲ್ಲಿ ಮೈಕು ಬಂತು. ಗಂಟಲಿನ ಬಲದ ಜಾಗಕ್ಕೆ ವಿದ್ಯುತ್ತಿನ ಬಲ. ಪಿಸುಗುಟ್ಟಿದರೂ ಸೂಜಿ ಅಲ್ಲಾಡತೊಡಗಿದ ಮೇಲೆ ಕಿವಿಯ ಹತ್ತಿರ ಕೂತು ಹಾಡುವಂಥ ಶೈಲಿಯೇ ಹುಟ್ಟಿತು. ನಮ್ಮ ಭಾವಗೀತೆ ಆ ಮೈಕಿನ ಮೊಮ್ಮಗಳು.

ಮೂರು ನಿಮಿಷಕ್ಕೆ ಬಗ್ಗದ ಸಂಗೀತವೂ ಇತ್ತು. 1913ರಲ್ಲಿ ಬರ್ಲಿನ್ನಿನ ವಾದ್ಯವೃಂದ ಬೀಥೋವನ್ನನ ಐದನೇ ಸಿಂಫನಿಯನ್ನು ಮುದ್ರಿಸಿದಾಗ ದೊಡ್ಡ ತಟ್ಟೆಗಳ ಎಂಟು ಮೈ ಬೇಕಾದವು. ಇಂಥ ಕಟ್ಟನ್ನು ಫೋಟೊ ಆಲ್ಬಮ್ಮಿನಂತೆ ರಟ್ಟಿನ ಪುಸ್ತಕದಲ್ಲಿ, ಹಾಳೆಯ ಬದಲು ಲಕೋಟೆಗಳಿಟ್ಟು ಮಾರುತ್ತಿದ್ದರು. ಆಲ್ಬಮ್ ಎಂಬ ಹೆಸರು ಹಾಡಿಗೆ ಅಂಟಿಕೊಂಡದ್ದು ಅಲ್ಲಿಂದ. 1948ರಲ್ಲಿ ಕೊಲಂಬಿಯ ಕಂಪನಿಯ ಎಲ್‌ಪಿ, ಅಂದರೆ ಲಾಂಗ್ ಪ್ಲೇ ತಟ್ಟೆ, ಬಂದಾಗ ಆ ಪುಸ್ತಕ ಒಂದೇ ತಟ್ಟೆಯಾಯಿತು: ಹನ್ನೆರಡು ಅಂಗುಲ, ವಿನೈಲ್ ಪ್ಲಾಸ್ಟಿಕ್, ಕೂದಲಿನಷ್ಟು ಸಣ್ಣ ಸಾಲು, ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು. ಒಂದು ಮೈಗೆ ಇಪ್ಪತ್ತು ನಿಮಿಷ ದಾಟಿತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಎಲ್‌ಪಿ ಅಮೆರಿಕದಲ್ಲಿ ಬಂದಾಗ ಒಂದೊಂದು ಮೈಗೆ ಒಂದೊಂದು ರಾಗ.

ಎಲ್‌ಪಿಗೂ ತನ್ನ ಹಟವಿದೆ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಸೂಜಿಯಡಿ ಸಾಲು ಹಾಯುವ ವೇಗ ಒಂದೇ ಅಲ್ಲ. ಹೊರಗಿನ ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಲೇಬಲ್ಲಿನ ಹತ್ತಿರ 21. ಅದೇ ತಾರಸ್ವರ ಹೊರಗೆ ಹಿಗ್ಗಿ ಕೂತಿದ್ದರೆ ಒಳಗೆ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿರುತ್ತದೆ. 10,000 ಹರ್ಟ್ಸ್‌ನ ಅಲೆ ಅಲ್ಲಿ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಇಪ್ಪತ್ತೊಂದು ಪಾಲಿನಷ್ಟು, ಸೂಜಿಯ ಮೊನೆಗಿಂತ ಸಣ್ಣ. ಆ ತಿರುವಿನೊಳಕ್ಕೆ ಮೊನೆ ಇಳಿಯುವುದಿಲ್ಲ, ದನಿ ಕೆರೆಯುತ್ತದೆ. ಅಬ್ಬರದ ಹಾಡನ್ನು ಮೈಯ ಮೊದಲಿಗೂ ಮೆಲುದನಿಯದನ್ನು ಕೊನೆಗೂ ಇಡುವುದು ರಾಕ್, ಪಾಪ್ ಕಂಪನಿಗಳಿಗೆ ಸುಲಭದ ಉಪಾಯವಾಯಿತು. ಸಿಂಫನಿಯವರೇನು ಮಾಡಬೇಕು? ಅವರ ಅಬ್ಬರವೆಲ್ಲ ಕೊನೆಯಲ್ಲೇ. ಖಯಾಲೂ ಹಾಗೆಯೇ: ವಿಲಂಬಿತದಲ್ಲಿ ಆನೆಯಂತೆ ನಡೆದು ದ್ರುತ್‌ನಲ್ಲಿ ತಾನುಗಳ ಮಳೆ ಸುರಿಸುವ ಹೊತ್ತಿಗೆ ಸೂಜಿ ತಟ್ಟೆಯ ಅತಿ ಕೆಟ್ಟ ಜಾಗಕ್ಕೆ ಬಂದಿರುತ್ತದೆ.

ಮಂದ್ರದ ಕಾಟ ಬೇರೆ. ಕಂಪನ ಅರ್ಧವಾದರೆ ಅಷ್ಟೇ ಬಲಕ್ಕೆ ಸಾಲಿನ ತೊನೆದಾಟ ಇಮ್ಮಡಿಯಾಗುತ್ತದೆ, ಜಾಗ ನುಂಗುತ್ತದೆ. ಅದಕ್ಕೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಏರಿಸಿ, ನುಡಿಸುವಾಗ ಆಂಪ್ಲಿಫೈಯರಿನಲ್ಲಿ ಅದನ್ನು ತಿರುಗುಮುರುಗು ಮಾಡುತ್ತಾರೆ. 1954ರ ಹೊತ್ತಿಗೆ ಇದಕ್ಕೊಂದು ಪ್ರಮಾಣ ನಿಗದಿಯಾಯಿತು. ಇಷ್ಟಾದರೂ ಡಿಸ್ಕೊದವರಿಗೆ ಸಾಲಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರು ದೊಡ್ಡ ತಟ್ಟೆಯ ಇಡೀ ಮೈಯನ್ನು ಒಂದೇ ಹಾಡಿಗೆ ಬರೆದುಕೊಟ್ಟರು.

ವೇಗದ ವಿಷಯ ಬಂದಾಗ ಜಾಝ್ ಕಲಾವಿದ ಮೈಲ್ಸ್ ಡೇವಿಸನ 'ಕೈಂಡ್ ಆಫ್ ಬ್ಲೂ' ನೆನಪಾಗದೆ ಇರದು. 1959ರಲ್ಲಿ ನ್ಯೂಯಾರ್ಕಿನ ಹಳೆಯ ಚರ್ಚೊಂದನ್ನು ಸ್ಟುಡಿಯೊ ಮಾಡಿದ್ದ ಕಡೆ, ಎರಡು ಬೈಠಕ್ಕಿನಲ್ಲಿ ಮುಗಿದ ಆಲ್ಬಮ್. ಮೊದಲ ಬೈಠಕ್ಕಿನ ದಿನ ಟೇಪ್ ಯಂತ್ರ ಒಂದು ಚೂರು ನಿಧಾನ ಓಡಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಒಂದನೇ ಮೈ ಪೂರ್ತಿ ಹಾಗೇ ಮಾರುಕಟ್ಟೆಗೆ ಹೋಯಿತು. ರೆಕಾರ್ಡಿನ ಜೊತೆ ನುಡಿಸಿ ಕಲಿಯ ಹೊರಟವರ ಪಿಯಾನೊ ಅದಕ್ಕೆ ಹೊಂದುವುದಾದರೂ ಹೇಗೆ? ಸರಿಪಡಿಸಿದ್ದು 1992ರಲ್ಲಿ, ಬೇರೆ ಯಂತ್ರದಲ್ಲಿ ಕಾಪಿಟ್ಟಿದ್ದ ಟೇಪಿನಿಂದ.

ಕನ್ನಡಕ್ಕೆ ಆಲ್ಬಮ್ ನಿಜವಾಗಿ ಒಲಿದದ್ದು ಕ್ಯಾಸೆಟ್ಟಿನಲ್ಲಿ. ಧ್ವನಿಸುರುಳಿ ಎಂಬ ಚೆಂದದ ಹೆಸರನ್ನೂ ನಾವು ಅದಕ್ಕೆ ಕೊಟ್ಟೆವು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದ ಮೇಲೆ ಕವಿಯ ಪುಸ್ತಕ ಮುಟ್ಟದವರ ಮನೆಯಲ್ಲೂ ಕವಿತೆ ಹಾಡಿತು. ಕ್ಯಾಸೆಟ್ಟಿನ ಗುಟ್ಟೆಂದರೆ ಕಂಜೂಸುತನ. ಸ್ಟುಡಿಯೊ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುವಲ್ಲಿ ಇದು ಐದೂ ಓಡುವುದಿಲ್ಲ. ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ, ಅದರಲ್ಲೇ ಎರಡು ಮೈಗೆ ನಾಲ್ಕು ಹಾದಿ. ಅಷ್ಟು ಸಣ್ಣ ಹಾದಿಯಲ್ಲಿ ಸ್ವರ ಹೊರುವ ಕಾಂತೀಯ ಕಣಗಳು ಕಡಿಮೆ, ಅದಕ್ಕೇ ಹಿನ್ನೆಲೆಯಲ್ಲಿ ಆ 'ಸ್' ಸದ್ದು. ಆದರೆ ಅಗ್ಗ. ಕಾರ್ಖಾನೆ ಬೇಡ, ಪೇಟೆಯ ಹಿಂದಿನ ಕೋಣೆ ಸಾಕು. ಕಂಪನಿಗಳ ಪಟ್ಟಿಯಲ್ಲಿ ಎಂದೂ ಕಾಣದ ಹರಿಕಥೆ, ತಾಳಮದ್ದಲೆ, ತತ್ವಪದ ಎಲ್ಲ ಸುರುಳಿ ಸುತ್ತಿಕೊಂಡವು. ಟೇಪು ಸಿಕ್ಕಿಕೊಂಡರೆ ಹಲ್ಲಿಗೆ ಪೆನ್ಸಿಲ್ ತೂರಿಸಿ ಗಿರಗಿರ ತಿರುಗಿಸುವುದು, ದನಿ ಮಂಕಾದರೆ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂ ಒಂದೆಳೆ ತಿರುಗಿಸುವುದು ಮನೆಮನೆಯ ಇಂಜಿನಿಯರಿಂಗ್.

ನಮ್ಮಪ್ಪ ಊರಿನ ಯಕ್ಷಗಾನವನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಒಂದು ಸುರುಳಿ ಇನ್ನೂ ಇದೆ. ಅದರಲ್ಲೊಂದು ವಿಚಿತ್ರ. ಚೆಂಡೆ ಬಿದ್ದ ಮರುಕ್ಷಣ ಭಾಗವತರ ದನಿ ಬಾವಿಗೆ ಬಿದ್ದಂತೆ ಕೆಳಗಿಳಿಯುತ್ತದೆ, ಮೆಲ್ಲಗೆ ಮೇಲೆ ಬರುತ್ತದೆ, ಅಷ್ಟರಲ್ಲಿ ಮತ್ತೆ ಚೆಂಡೆ. ಭಾಗವತರ ತಪ್ಪಲ್ಲ. ಸದ್ದು ಜೋರಾದರೆ ಪೆಟ್ಟಿಗೆ ತಾನೇ ಮಟ್ಟ ತಗ್ಗಿಸಿಕೊಳ್ಳುತ್ತದೆ, ಸದ್ದು ಅಡಗಿದರೆ ಏರಿಸಿಕೊಳ್ಳುತ್ತದೆ. ಆಟದ ನಡುವೆ ಮೌನವಾದಾಗ ಜೀರುಂಡೆ, ಪ್ರೇಕ್ಷಕರ ಕೆಮ್ಮು, ಕಡಲೆಕಾಯಿ ಸಿಪ್ಪೆ ಎಲ್ಲವೂ ಚೆಂಡೆಯಷ್ಟೇ ದೊಡ್ಡದಾಗಿ ಕೇಳುತ್ತವೆ.

ಸಿ.ಡಿ. ಬಂದ ಮೇಲೆ ಇದೇ ಚಟ ದೊಡ್ಡ ಸ್ಟುಡಿಯೊಗಳಿಗೆ ಹತ್ತಿತು. ಸೆಕೆಂಡಿಗೆ 44,100 ಸಲ ಅಲೆಯ ಎತ್ತರ ಅಳೆದು ಬರೆದಿಡುವ ಆ ತಟ್ಟೆಗೆ ಪಿಸುಮಾತಿನಿಂದ ಗುಡುಗಿನವರೆಗೆ ಹಿಡಿಯುವ ತಾಕತ್ತಿತ್ತು. ಆದರೆ ಎತ್ತರಕ್ಕೊಂದು ಸೂರು ಇದೆ, ಅದನ್ನು ದಾಟುವಂತಿಲ್ಲ. ಪಕ್ಕದವರ ಹಾಡಿಗಿಂತ ನಮ್ಮದು ಜೋರಾಗಿ ಕೇಳಬೇಕೆಂದರೆ ಶಿಖರಗಳನ್ನು ತುಳಿದು ಕಣಿವೆಗಳನ್ನು ತುಂಬಬೇಕು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅದೇ ಹಾಡುಗಳು ವಿಡಿಯೊ ಗೇಮೊಂದರಲ್ಲಿ ಆಲ್ಬಮ್ಮಿಗಿಂತ ಚೆನ್ನಾಗಿ ಕೇಳುತ್ತವೆಂದು ಅಭಿಮಾನಿಗಳೇ ತಿರುಗಿಬಿದ್ದರು. ಗೇಮಿಗೆ ಹೋದ ಪ್ರತಿಯನ್ನು ಅಷ್ಟು ತುಳಿದಿರಲಿಲ್ಲ. ಹೆವಿ ಮೆಟಲ್ ಕೇಳುವವರಿಗೇ ಸದ್ದು ಅತಿಯಾಯಿತು ಎಂದರೆ ಊಹಿಸಿಕೊಳ್ಳಿ. ಈಗ ಸ್ಟ್ರೀಮಿಂಗ್ ಸೇವೆಗಳು ಎಲ್ಲ ಹಾಡನ್ನೂ ಒಂದೇ ಸರಾಸರಿ ಮಟ್ಟಕ್ಕೆ ತಂದು ಕೇಳಿಸುವುದರಿಂದ ಆ ಪೈಪೋಟಿಯ ಹಲ್ಲು ಉದುರಿದೆ. ಬದಲಿಗೆ ಹೊಸ ಅಳತೆ ಬಂದಿದೆ: ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಲೆಕ್ಕಕ್ಕೆ ಒಂದು. ನಿಧಾನ ಆಲಾಪದಿಂದ ಶುರುಮಾಡುವವರ ಪಾಡು ನೋಡಿ.

ಮತ್ತೆ ಗೆಳೆಯನ ಪ್ಲೇಟಿಗೆ ಬಂದರೆ, ಅದರ ದನಿಯನ್ನು ಕಂಪ್ಯೂಟರಿಗೆ ಇಳಿಸಿ ಮೊಬೈಲಿನ ತಂಬೂರಿ ಹಿಡಿದು ಕೂತೆವು. ಗೌಹರ್ ಜಾನ್ ಹಾಡಿದ ಶ್ರುತಿ ಹಾರ್ಮೋನಿಯಮ್ಮಿನ ಯಾವ ಮನೆ? ತಂಬೂರಿ ಎಲ್ಲಿಟ್ಟರೂ ಅವರು ಎರಡು ಮನೆಗಳ ನಡುವೆ ನಿಲ್ಲುತ್ತಾರೆ. ಆ ಕಾಲದಲ್ಲಿ 78 ಎಂಬುದೇ ಗಟ್ಟಿಯಾಗಿರಲಿಲ್ಲ, ಎಪ್ಪತ್ತರಿಂದ ಎಂಬತ್ತರಾಚೆಗೂ ತಟ್ಟೆಗಳು ಕೊರೆದಿವೆ. 78ರ ಬದಲು 82 ಆದರೆ ಶ್ರುತಿ ಹತ್ತಿರ ಹತ್ತಿರ ಒಂದು ಮನೆ ಏರುತ್ತದೆ. ಹಾಡನ್ನು ಎಷ್ಟು ಸಲ ಕೇಳಿದರೂ ಸರಿಯಾದ ವೇಗ ಹೇಳುವುದು ಕಷ್ಟ, ಯಾವ ಶ್ರುತಿಯಲ್ಲಾದರೂ ಹಾಡು ಹಾಡೇ. ಮಾತು ಹಾಗಲ್ಲ. ಹಾಗಾಗಿ ಹಾಡನ್ನು ಬಿಟ್ಟು ಕೊನೆಯ ಕೂಗನ್ನಷ್ಟೇ ಮತ್ತೆ ಮತ್ತೆ ಹಾಕಿದೆವು. ವೇಗ ಏರಿಸಿದರೆ ಕಿನ್ನರಿ ಗೊಂಬೆ, ತೀರಾ ಇಳಿಸಿದರೆ ನಿದ್ದೆಗಣ್ಣಿನ ಅಜ್ಜಿ. ಗೆಳೆಯ ಗುಂಡಿಯನ್ನು ಎಳೆಯೆಳೆಯಾಗಿ ತಿರುಗಿಸುತ್ತಿದ್ದ. ಈಕೆ ಕೊನೆಯ ದಿನಗಳಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಕಲ್ಕತ್ತೆಯಲ್ಲಿ ತುತ್ತೂರಿಯ ಮುಂದೆ ಮೊದಲ ಸಲ ನಿಂತಾಗ ಇನ್ನೂ ಮೂವತ್ತು ತುಂಬಿರಲಿಲ್ಲ. 'ಮೈ ನೇಮ್ ಈಸ್...' ಮೂವತ್ತರ ಅಂಚಿನ ಹೆಂಗಸೊಬ್ಬಳು ಪಕ್ಕದ ಕೋಣೆಯಿಂದ ಕರೆದಂತಾದಾಗ ಕೈ ನಿಲ್ಲಿಸು ಎಂದೆ.