ಬಾದಾಮಿಯ ಕೆಂಪು ಕಲ್ಲಿನ ಮುಂದೆ ಒಂದು ಪುಟ್ಟ ಕ್ಯಾಮೆರಾ

ಕೈಯಲ್ಲಿ ಹೊಸ ಕ್ಯಾಮೆರಾ ಕಂಡರೆ ನಮ್ಮ ಬಾಗಲಕೋಟೆ ಕಡೆ ಎಲ್ಲರೂ ಕೇಳುವುದು ಒಂದೇ ಮಾತು: "ಎಷ್ಟು ಮೆಗಾಪಿಕ್ಸೆಲ್ ಐತ್ರಿ?" ಇಪ್ಪತ್ತು ಅಂದರೆ ಮುಖ ಸಪ್ಪಗಾಗುತ್ತದೆ. ಅವರ ಫೋನಿನಲ್ಲೇ 50 ಇರುತ್ತದೆ, ಅಲ್ವಾ? ಆದರೆ ಮೊದಲು ಕೇಳಬೇಕಾದದ್ದು ಬೇರೆ. ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು?

ಹಳೆಯ ಜೇಬು ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ನಾನು ಕೊಂಡ ಕ್ಯಾಮೆರಾದಲ್ಲಿರುವುದು ಒಂದಿಂಚಿನ ಸೆನ್ಸರ್. ಇಂಚು ಹೆಸರಿಗಷ್ಟೇ, ಅಳೆದರೆ 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ. ಆದರೂ ಹಳೆಯದರ ನಾಲ್ಕು ಪಟ್ಟು ಜಾಗ. 2012ರಲ್ಲಿ ಸೋನಿಯ ಆರ್‌ಎಕ್ಸ್‌100 ಬಂದ ಮೇಲೆ ಇಷ್ಟು ದೊಡ್ಡ ಸೆನ್ಸರ್ ಇರುವ ಕ್ಯಾಮೆರಾವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಸುಲಭವಾಯಿತು.

ಈ ನಾಲ್ಕು ಪಟ್ಟಿನ ಬೆಲೆ ಗೊತ್ತಾಗಬೇಕಾದರೆ ಬಾದಾಮಿಯ ಮೂರನೇ ಗುಹೆಗೆ ಹೋಗಬೇಕು. ಚಾಲುಕ್ಯರ ಮಂಗಳೇಶ ಕೊರೆಸಿದ ಗುಹೆ. ಅಲ್ಲಿನ ಶಾಸನ ಕ್ರಿ.ಶ. 578ರದು. ಪಡಸಾಲೆಯ ತುದಿಯಲ್ಲಿ ಶೇಷನ ಸುರುಳಿಯ ಮೇಲೆ ವಿಷ್ಣು ಕೂತಿದ್ದಾನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಬ್ಬು. ಸ್ಟ್ಯಾಂಡ್ ಇಡಬೇಕಾದರೆ ಅನುಮತಿ ಬೇಕು. ಫ್ಲ್ಯಾಶ್ ಹಾಕಿದರೆ ಕೆತ್ತನೆಯ ನೆರಳೆಲ್ಲ ಅಳಿಸಿ ಹೋಗಿ ಮೂರ್ತಿ ಚಪ್ಪಟೆಯಾಗುತ್ತದೆ. ಉಳಿದದ್ದು ಕೈ ಅಲುಗದ ಹಾಗೆ ಹಿಡಿಯುವುದು, ಇದ್ದ ಬೆಳಕಲ್ಲೇ ತೆಗೆಯುವುದು.

ಮಬ್ಬಿನಲ್ಲಿ ತೆಗೆದ ಚಿತ್ರಗಳಲ್ಲಿ ಮರಳು ಚೆಲ್ಲಿದಂತೆ ಚುಕ್ಕೆ ಕಾಣುವುದನ್ನು ನೀವೂ ನೋಡಿರುತ್ತೀರಿ. ಅದು ಬರೀ ಕ್ಯಾಮೆರಾದ ದೋಷ ಅಲ್ಲ. ಬೆಳಕಿನ ಸ್ವಭಾವವೇ ಹಾಗೆ. ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ ಬಂದು ಬೀಳುತ್ತದೆ, ಅದೂ ಒಂದು ಲೆಕ್ಕಕ್ಕೆ ಸಿಗದ ಹಾಗೆ. ಮಳೆ ಶುರುವಾದಾಗ ಅಂಗಳದ ಒಂದು ಪರಸಿಯ ಮೇಲೆ ಐದು ಹನಿ, ಪಕ್ಕದ್ದರ ಮೇಲೆ ಒಂಬತ್ತು ಹನಿ ಬೀಳುತ್ತದಲ್ಲ, ಹಾಗೆ. ಮಳೆ ಜೋರಾದ ಮೇಲೆ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಲೆಕ್ಕ ಸರಳ. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು ಸುಮಾರು 10, ಅಂದರೆ ಶೇಕಡಾ 10. 10,000 ಬಿದ್ದರೆ ಏರುಪೇರು 100, ಶೇಕಡಾ 1 ಮಾತ್ರ. ಸೆನ್ಸರ್ ದೊಡ್ಡದಾಗಿ, ಅದಕ್ಕೆ ತಕ್ಕ ಲೆನ್ಸ್ ಇದ್ದರೆ ಹೆಚ್ಚು ಫೋಟಾನ್ ಸಿಗುತ್ತದೆ, ಚಿತ್ರ ನುಣುಪಾಗುತ್ತದೆ. ಫೋನುಗಳು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಬೆರೆಸಿ ಇದೇ ಕೆಲಸ ಮಾಡುತ್ತವೆ. ಚೆನ್ನಾಗಿಯೇ ಮಾಡುತ್ತವೆ. ಆದರೆ ಕೆತ್ತನೆಯ ಉಳಿ ಗುರುತಿನಂಥ ಸಣ್ಣ ವಿವರ ಕೆಲವೊಮ್ಮೆ ಆ ಬೆರಕೆಯಲ್ಲಿ ಸವೆದು ಹೋಗುತ್ತದೆ. ನನ್ನ ಕ್ಯಾಮೆರಾದಲ್ಲಿ ಶೇಷನ ಹೆಡೆಯ ಅಂಚು ಸ್ಪಷ್ಟವಾಗಿ ಉಳಿಯಿತು. ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಆಗಲೇ.

ಜೂಮ್ ಮಾಡುವ ಮುನ್ನ ಮಾತ್ರ ಯೋಚಿಸಿ. ಅಗಲ ನೋಟದಲ್ಲಿ ಇದರ ಲೆನ್ಸ್ ಎಫ್/1.8 ತನಕ ತೆರೆಯುತ್ತದೆ. ಎಫ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಬೆಳಕು ಒಳಬರುವ ಕಿಂಡಿ ಕಿರಿದು. ಪೂರ್ತಿ ಜೂಮ್ ಮಾಡಿದರೆ ಅದು ಎಫ್/4.9ಕ್ಕೆ ಕುಗ್ಗುತ್ತದೆ. ಸೆನ್ಸರ್ ಮೇಲೆ ಬೀಳುವ ಬೆಳಕು ಏಳನೇ ಒಂದು ಪಾಲಿಗಿಂತ ಕಡಿಮೆ! ಕಂಬದ ಮೇಲೆ ಕೆತ್ತಿದ ಗಂಡು-ಹೆಣ್ಣಿನ ಜೋಡಿಗಳ ಚಿತ್ರ ತೆಗೆಯಲು ನಾಲ್ಕು ಹೆಜ್ಜೆ ಮುಂದೆ ನಡೆಯುವುದೇ ವಾಸಿ.

ಗುಂಡಿಗಳು ಸಣ್ಣವು, ಬ್ಯಾಟರಿ ಬೇಗ ಇಳಿಯುತ್ತದೆ. ಇನ್ನೊಂದು ಬ್ಯಾಟರಿ ಜೇಬಿನಲ್ಲಿದ್ದರೆ ಸಾಕು.

ನನ್ನನ್ನು ಹೆಚ್ಚು ಕಾಡಿದ್ದು ಬಣ್ಣ. ಸೆನ್ಸರ್‌ಗೆ ತಾನಾಗಿ ಬಣ್ಣ ತಿಳಿಯುವುದಿಲ್ಲ. ಸೆನ್ಸರಿನ ಪ್ರತಿ ಪಿಕ್ಸೆಲ್, ಅಂದರೆ ಬೆಳಕು ಹಿಡಿಯುವ ಪ್ರತಿ ಪುಟ್ಟ ಚುಕ್ಕೆಯ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿಯ ಒಂದು ಸೋಸುಪರದೆ ಇರುತ್ತದೆ. ಅರ್ಧದಷ್ಟು ಹಸಿರು, ಯಾಕೆಂದರೆ ನಮ್ಮ ಕಣ್ಣು ಹಸಿರಿಗೇ ಹೆಚ್ಚು ಸ್ಪಂದಿಸುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಒಂದೊಂದು ಪಿಕ್ಸೆಲ್‌ಗೂ ಸಿಗದ ಇನ್ನೆರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕ ನೋಡಿ ಅಂದಾಜು ಮಾಡುತ್ತದೆ.

ಆಮೇಲೆ ಬೆಳಕಿನ ಬಣ್ಣವನ್ನೂ ಅದು ಊಹಿಸಬೇಕು. ಬಾದಾಮಿಯಲ್ಲಿ ಎಡವುವುದು ಇಲ್ಲೇ. ಇಲ್ಲಿನ ಮರಳುಗಲ್ಲಿನಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಕಲ್ಲು ಕೆಂಪು. ಚಿತ್ರದ ತುಂಬ ಕೆಂಪೇ ಕಂಡಾಗ ಕ್ಯಾಮೆರಾ ತಪ್ಪು ತಿಳಿಯುತ್ತದೆ: ಕೆಂಪಾಗಿರುವುದು ಬೆಳಕು, ಕಲ್ಲಲ್ಲ. ಕೆಂಪನ್ನು ತಗ್ಗಿಸುತ್ತದೆ, ನೀಲಿ ಏರಿಸುತ್ತದೆ. ಬಂಡೆ ಬೂದಿ ಬಡಿದ ಹಾಗೆ ಕಾಣುತ್ತದೆ. ಬೆಳಕಿನ ಬಣ್ಣ ಯಾವುದೆಂದು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಬಿಸಿಲಿನ ಗುರುತಿಗೆ ಇಟ್ಟರೆ ಕಲ್ಲಿಗೆ ಮತ್ತೆ ಜೀವ ಬರುತ್ತದೆ.

ಗುಹೆಯೊಳಗೆ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿ ಬೀಳುವ ಬೆಳಕೂ ಕೆಂಪು ನೆಲ, ಕೆಂಪು ಗೋಡೆಗೆ ತಾಗಿ ಬಂದದ್ದು, ಹಾಗಾಗಿ ಅದೂ ಕೆಂಪಗೇ ಇರುತ್ತದೆ. ಬಿಳಿ ಹಾಳೆ ಹಿಡಿದು ಸರಿಪಡಿಸಿದರೆ ಕಲ್ಲಿನ ಸ್ವಂತ ಬಣ್ಣ ಸಿಗುತ್ತದೆ. ಮೂರ್ತಿಯ ಮಾಹಿತಿಗಾಗಿ ದಾಖಲಿಸುವವರಿಗೆ ಅದೇ ಬೇಕು. ನನಗೆ ಬೇಕಾದದ್ದು ಅಲ್ಲಿ ನಿಂತಾಗ ಕಂಡ ಕೆಂಪು. ಹಾಗಾಗಿ ಒಳಗೂ ಬಿಸಿಲಿನ ಗುರುತನ್ನೇ ಬಿಟ್ಟಿದ್ದೇನೆ. ಜೊತೆಗೆ ರಾ ಫೈಲ್, ಅಂದರೆ ಸೆನ್ಸರ್ ಹಿಡಿದ ಹಸಿ ಮಾಹಿತಿಯನ್ನು ಕೂಡ ಉಳಿಸುತ್ತೇನೆ. ಬಣ್ಣದ ತೀರ್ಮಾನ ಮನೆಯಲ್ಲಿ ಕೂತು ಬದಲಿಸಬೇಕೆನಿಸಿದರೆ ಅದಕ್ಕೆ ದಾರಿ ಇರುತ್ತದೆ.